ಡಿಸ್ಕು ಯಾಕೆ ಬಿಟ್ಟುಕೊಡೋದಿಲ್ಲ?

ಪೆನ್ ಡ್ರೈವ್ ತೆಗೆಯೋಕೆ ಹೋದಾಗ 'ಈಗ ಆಗಲ್ಲ, ಇದು ಬಳಕೆಯಲ್ಲಿದೆ, ಆಮೇಲೆ ಪ್ರಯತ್ನಿಸಿ' ಅನ್ನೋ ಅರ್ಥದ ಸಂದೇಶವನ್ನ ಒಮ್ಮೆಯೂ ನೋಡದವರು ಇದನ್ನ ಓದ್ತಾ ಇರೋರಲ್ಲಿ ಯಾರೂ ಇರಲಿಕ್ಕಿಲ್ಲ. ತೆರೆದಿದ್ದ ಫೈಲುಗಳನ್ನೆಲ್ಲ ಮುಚ್ಚಿರ್ತೀವಿ, ಕಿಟಕಿಗಳನ್ನೆಲ್ಲ ಮುಚ್ಚಿರ್ತೀವಿ, ಡ್ರೈವಿನ ದೀಪವೂ ಮಿನುಗೋದು ನಿಲ್ಲಿಸಿರುತ್ತೆ. ಆದ್ರೂ 'ಬಳಕೆಯಲ್ಲಿದೆ'. ಯಾರು ಬಳಸ್ತಾ ಇದಾರೆ ಸ್ವಾಮೀ ಅಂತ ಕೇಳಿದ್ರೆ ಉತ್ತರ ಇಲ್ಲ. ಕೊನೆಗೆ ಬೇಸತ್ತು, ಏನಾದ್ರೂ ಆಗ್ಲಿ ಅಂತ ಕಿತ್ತುಕೊಂಡು ಎದ್ದುಬಿಡ್ತೀವಿ.

ಯುನಿಕ್ಸು-ಲಿನಕ್ಸು ಯಂತ್ರಗಳನ್ನ ನೋಡಿಕೊಳ್ಳೋದೇ ನನ್ನ ಹೊಟ್ಟೆಪಾಡು. ಮೊದಲು ಬೆಂಗಳೂರಲ್ಲಿ, ಆಮೇಲೆ ಇಲ್ಲಿ ಸಿಡ್ನಿಯಲ್ಲಿ. ಈ ಸಂದೇಶದ ಜೊತೆ ನನಗೆ ಬಹಳ ವರ್ಷದ ಸಂಸಾರ. ಹಾಗಾಗಿ ಇದರ ಹುಟ್ಟು ಎಲ್ಲಿ ಅಂತ ಹಿಂದಕ್ಕೆ ಹೋಗಿ ಹುಡುಕಿದ್ದೇನೆ. ಹುಡುಕುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಡಿಸ್ಕನ್ನ ಬಿಡೋದಿಲ್ಲ ಅಂತ ಯಂತ್ರ ಹೇಳೋದರಲ್ಲಿ ತಪ್ಪೇನೂ ಇಲ್ಲ, ಹಾಗೆ ಹೇಳೋದು ಅದರ ಧರ್ಮ. ಆದ್ರೆ ಹಿಡಿದುಕೊಂಡಿರೋರು ಯಾರು ಅಂತ ಹೇಳದೇ ಬರೀ 'ಆಗಲ್ಲ' ಅಂತ ಹೇಳಿದ್ದಿದೆಯಲ್ಲ, ಅದಕ್ಕೆ ನಾವು ತೆತ್ತ ಬೆಲೆ ಸಣ್ಣದಲ್ಲ.

'ಮೌಂಟ್' ಅನ್ನೋ ಪದ ನಿಜವಾಗಿಯೂ ಮೈ ಬಗ್ಗಿಸಿ ಮಾಡೋ ಕೆಲಸದಿಂದ ಬಂದದ್ದು. 1962ರಲ್ಲಿ ಐಬಿಎಂ ಕಂಪನಿ 1311 ಅನ್ನೋ ಡಿಸ್ಕ್ ಡ್ರೈವನ್ನ ಹೊರಗೆ ತಂದಿತು. ಅದರ ವಿಶೇಷ ಅಂದ್ರೆ ಡಿಸ್ಕುಗಳ ಕಟ್ಟನ್ನ ಯಂತ್ರದಿಂದ ಹೊರಗೆ ತೆಗೆದು ಇನ್ನೊಂದು ಕಟ್ಟನ್ನ ಕೂರಿಸಬಹುದಿತ್ತು. ಒಂದೊಂದು ಕಟ್ಟು ಸುಮಾರು ನಾಲ್ಕೂವರೆ ಕಿಲೋ ಭಾರ, 14 ಇಂಚು ಅಗಲದ ಆರು ತಟ್ಟೆಗಳು, ಅದರಲ್ಲಿ ಹಿಡಿಸ್ತಾ ಇದ್ದದ್ದು ಸುಮಾರು 20 ಲಕ್ಷ ಅಕ್ಷರ. ಇವತ್ತಿನ ಫೋನು ತೆಗೆಯೋ ಒಂದು ಫೋಟೋ ಅದರಲ್ಲಿ ಹಿಡಿಸೋದು ಕಷ್ಟ! ಆಪರೇಟರ್ ಅದನ್ನ ಎರಡೂ ಕೈಯಲ್ಲಿ ಎತ್ತಿ, ಉತ್ಸವಮೂರ್ತಿಯನ್ನ ತೇರಿಗೆ ಏರಿಸಿದ ಹಾಗೆ ಡ್ರೈವಿನೊಳಗೆ ಏರಿಸಬೇಕಿತ್ತು. ಅದಕ್ಕೇ ಮೌಂಟ್. ಇಳಿಸೋ ನಿರ್ಧಾರವೂ ಅದೇ ಮನುಷ್ಯನದು. ಯಾರ ಕೆಲಸ ನಡೀತಾ ಇದೆ, ಯಾರದ್ದು ಮುಗೀತು ಅನ್ನೋದು ಅವನ ಮೇಜಿನ ಮೇಲಿನ ಪಟ್ಟಿಯಲ್ಲೇ ಇರ್ತಿತ್ತು.

ಆ ಪಟ್ಟಿ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೋದಾಗಲೇ ಹೆಸರುಗಳು ಕಳೆದುಹೋದದ್ದು.

ಬೆಲ್ ಲ್ಯಾಬ್ಸಿನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟಿದ್ದು ಬಹಳ ಜನಕ್ಕೆ ಗೊತ್ತು. ಅದರ ಮೊದಲ ಕೈಪಿಡಿಯ ಮೇಲಿರೋ ತಾರೀಖು 1971ರ ನವೆಂಬರ್ 3. ಅದರಲ್ಲೇ ಮೌಂಟ್ ಇದೆ, ಅದರ ಪಕ್ಕದಲ್ಲಿ 'ಯುಮೌಂಟ್' ಇದೆ. 'ಅನ್‌ಮೌಂಟ್' ಆಗಬೇಕಿದ್ದದ್ದು ನಡುವಿನ ಒಂದು 'ಎನ್' ಕಳೆದುಕೊಂಡು ಹುಟ್ಟಿತು. ಇವತ್ತಿಗೂ ಅದು ಸಿಕ್ಕಿಲ್ಲ. ಹೊಸಬರು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಈ 'ಎನ್' ಸೇರಿಸಿ ಟೈಪ್ ಮಾಡಿ, ಹೀಗೊಂದು ಕಮಾಂಡೇ ಇಲ್ಲ ಅಂತ ಬೈಸಿಕೊಳ್ಳೋದು ನಮ್ಮ ವೃತ್ತಿಯಲ್ಲಿ ಒಂಥರಾ ಉಪನಯನ ಇದ್ದಹಾಗೆ.

ಯುನಿಕ್ಸಿನ ಮೌಂಟ್ ಮಾಡಿದ ಚಂದದ ಕೆಲಸ ಏನಪ್ಪಾ ಅಂದ್ರೆ, ಹೊಸ ಡಿಸ್ಕನ್ನ ಬೇರೆ ಮನೆ ಅಂತ ತೋರಿಸದೇ, ಇರೋ ಮರಕ್ಕೇ ಒಂದು ಕೊಂಬೆಯ ಹಾಗೆ ಕಸಿ ಕಟ್ಟಿದ್ದು. ಒಂದು ಖಾಲಿ ಡೈರೆಕ್ಟರಿಯ ಜಾಗದಲ್ಲಿ ಇಡೀ ಡಿಸ್ಕು ಬಂದು ಕೂರುತ್ತೆ. ಓಡಾಡೋರಿಗೆ ಯಾವ ಫೈಲು ಯಾವ ಡಿಸ್ಕಿನಲ್ಲಿದೆ ಅನ್ನೋದೇ ತಿಳಿಯೋದಿಲ್ಲ. ಅನುಕೂಲ ನಿಜ, ಆದ್ರೆ ತೊಂದರೆಯೂ ಅಲ್ಲೇ ಇದೆ. ಎಲ್ಲಿ ಕೂತಿದ್ದೀವಿ ಅಂತ ಗೊತ್ತಿಲ್ಲದೇ ಇದ್ರೆ, ಕೂತ ಕೊಂಬೆಯನ್ನೇ ಕಡಿಯೋಕೆ ಹೊರಡ್ತೀವಿ. ನನ್ನ ಅನುಭವದಲ್ಲಿ ಡಿಸ್ಕು ಬಿಡದೇ ಇರೋದಕ್ಕೆ ಮೊದಲನೇ ಕಾರಣ ಇವತ್ತಿಗೂ ಇದೇ: ಯಾವುದೋ ಟರ್ಮಿನಲ್ ಕಿಟಕಿಯಲ್ಲಿ ಆ ಡಿಸ್ಕಿನ ಡೈರೆಕ್ಟರಿಯೊಳಗೆ ಹೋಗಿ ಕೂತು, ಅದನ್ನ ಮರೆತು, ಬೇರೆ ಕಿಟಕಿಯಿಂದ ಯುಮೌಂಟ್ ಹೊಡೆಯೋದು. ಅಲ್ಲಿ ಯಾವ ಫೈಲೂ ತೆರೆದಿರಲ್ಲ. ಸುಮ್ಮನೆ ಕೂತಿರೋದೂ ಲೆಕ್ಕಕ್ಕೆ ಬರುತ್ತೆ.

ಇಲ್ಲಿ ಸಿಡ್ನಿಯ ಒಂದು ಮಾತು ಹೇಳಲೇಬೇಕು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಯನ್ಸ್ ಅಂತ ಒಬ್ಬ ಮೇಷ್ಟ್ರಿದ್ದರು. 1976-77ರಲ್ಲಿ ಯುನಿಕ್ಸ್ ಆರನೇ ಆವೃತ್ತಿಯ ಒಳಗಿನ ಪ್ರೋಗ್ರಾಮನ್ನ ಪೂರ್ತಿ ಅಚ್ಚು ಹಾಕಿಸಿ, ಅದಕ್ಕೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದು ವಿದ್ಯಾರ್ಥಿಗಳಿಗೆ ಕೊಟ್ಟರು. ನಮ್ಮಲ್ಲಿ ಪಂಡಿತರು ಮೂಲಕ್ಕೆ ಟೀಕೆ ಬರೆದ ಹಾಗೇ. 1979ರಲ್ಲಿ ಬಂದ ಏಳನೇ ಆವೃತ್ತಿಯ ಲೈಸೆನ್ಸಿನಲ್ಲಿ ಎಟಿ ಅಂಡ್ ಟಿ ಕಂಪನಿ, ಒಳಗಿನ ಪ್ರೋಗ್ರಾಮನ್ನ ಪಾಠಕ್ಕೆ ಬಳಸಬಾರದು ಅಂತ ಕಟ್ಟು ಹಾಕಿತು. ಅಲ್ಲಿಂದ ಮುಂದೆ ಲಯನ್ಸರ ಪುಸ್ತಕ ಜಗತ್ತಿನ ತುಂಬಾ ಓಡಾಡಿದ್ದು ಜೆರಾಕ್ಸ್ ಪ್ರತಿಗಳಲ್ಲಿ, ಜೆರಾಕ್ಸಿನ ಜೆರಾಕ್ಸಿನಲ್ಲಿ. ಅಧಿಕೃತವಾಗಿ ಪುಸ್ತಕ ಹೊರಬಂದದ್ದು 1996ರಲ್ಲಿ. ಲಯನ್ಸ್ 1998ರಲ್ಲಿ ತೀರಿಕೊಂಡರು. ನನ್ನ ಹತ್ತಿರ ಇರೋದು ಆ 1996ರ ಮುದ್ರಣ.

ಅದರಲ್ಲಿ ಯುಮೌಂಟ್ ಮಾಡೋ ತುಣುಕು ಒಂದು ಪುಟವೂ ಇಲ್ಲ. ಮೊದಲು ಅದು ನೆನಪಿನಲ್ಲಿ ಉಳಿದಿರೋ ಬರಹವನ್ನೆಲ್ಲ ಡಿಸ್ಕಿಗೆ ಬರೆಸುತ್ತೆ. ಆಮೇಲೆ, ಆ ಗಳಿಗೆಯಲ್ಲಿ ಬಳಕೆಯಲ್ಲಿರೋ ಫೈಲುಗಳ ಒಂದು ಪಟ್ಟಿ ಇದೆ, ಬರೀ 100 ಸಾಲಿನದ್ದು, ಅದನ್ನ ಮೊದಲಿಂದ ಕೊನೆ ತನಕ ನೋಡ್ತಾ ಹೋಗುತ್ತೆ. ಅದರಲ್ಲಿ ಒಂದೇ ಒಂದು ಸಾಲು ಈ ಡಿಸ್ಕಿಗೆ ಸೇರಿದ್ದು ಸಿಕ್ಕಿದ್ರೂ ಸಾಕು, 'ಇ-ಬಿಸಿ' ಅನ್ನೋ ದೋಷ ಹೇಳಿ ವಾಪಸ್. ಅಷ್ಟೇ.

ಗಮನಿಸಿ, ಯಾವ ಫೈಲು ಅಂತ ಅದಕ್ಕೆ ಗೊತ್ತಾಗಿರುತ್ತೆ! ಕೈಯಲ್ಲಿ ಸಿಕ್ಕಿದ್ದನ್ನ ಅಲ್ಲೇ ಬಿಸಾಕಿ ಬರೀ 'ಬಿಸಿ' ಅಂತ ಮಾತ್ರ ಹೇಳಿ ಬರುತ್ತೆ.

ಮೊದಲು ಓದಿದಾಗ ನನಗೆ ಇದು ಸೋಮಾರಿತನ ಅನ್ನಿಸಿತ್ತು. ಆದ್ರೆ ಪಕ್ಕದ ಪುಟಗಳನ್ನ ತಿರುವಿದ್ರೆ ಬೇರೆ ಕಥೆ ಕಾಣುತ್ತೆ. ಆ ಪಟ್ಟಿಯ ಪ್ರತಿ ಸಾಲಿನಲ್ಲಿ 'ಇದನ್ನ ಎಷ್ಟು ಕಡೆಯಿಂದ ಹಿಡಿದುಕೊಂಡಿದ್ದಾರೆ' ಅನ್ನೋ ಲೆಕ್ಕ ಇದೆ, ಯಾರು ಅನ್ನೋದು ಇಲ್ಲ. ಕಲ್ಯಾಣ ಮಂಟಪದ ವಾಚ್‌ಮನ್ ಬಾಗಿಲ ಹೊರಗೆ ಮೂರು ಜೊತೆ ಚಪ್ಪಲಿ ನೋಡಿ, ಒಳಗೆ ಜನ ಇದ್ದಾರೆ, ಬೀಗ ಹಾಕಲ್ಲ ಅಂತಾನಲ್ಲ, ಹಾಗೆ. ಯಾರ ಚಪ್ಪಲಿ ಅಂತ ಅವನಿಗೇನು ಗೊತ್ತು? ತಿಳಿಯಬೇಕಾದ್ರೆ ನಡೀತಾ ಇರೋ ಒಂದೊಂದು ಪ್ರೋಗ್ರಾಮಿನ ಹತ್ತಿರವೂ ಹೋಗಿ ನೀನೇನಾದ್ರೂ ಹಿಡಿದುಕೊಂಡಿದ್ದೀಯಾ ಅಂತ ಕೇಳಬೇಕು. ಲಯನ್ಸರ ಪಾಠದ ಯಂತ್ರ ಪಿಡಿಪಿ 11/40, ಅದಕ್ಕೆ ನೆನಪು ಎಷ್ಟೇ ಹಾಕಿದ್ರೂ 256 ಕಿಲೋಬೈಟ್ ದಾಟೋ ಹಾಗಿಲ್ಲ. ಜಾಗ ಸಾಲದೇ ಇದ್ದಾಗ ಪ್ರೋಗ್ರಾಮನ್ನೇ, ಅದು ತೆರೆದಿರೋ ಫೈಲುಗಳ ಪಟ್ಟಿಯ ಸಮೇತ, ಡಿಸ್ಕಿಗೆ ಕಳಿಸಿಬಿಡ್ತಾ ಇದ್ದರು. ಹೆಸರು ಹೇಳೋಕೆ ಅದನ್ನೆಲ್ಲ ವಾಪಸ್ ತರಿಸಬೇಕಿತ್ತು. ಅಂಥ ಬಡತನದಲ್ಲಿ ಬರೀ ಲೆಕ್ಕ ಇಟ್ಟುಕೊಂಡದ್ದು ಜಾಣತನವೇ. ಬಡತನ ಹೋದ ಮೇಲೂ ಅಭ್ಯಾಸ ಉಳಿದುಬಿಟ್ಟದ್ದು ಮಾತ್ರ ಬೇರೆ ವಿಷಯ.

ಇಷ್ಟಕ್ಕೂ 'ಬಿಡಲ್ಲ' ಅನ್ನೋದರ ಹಿಂದೆ ಏನು ಭಯ? ಆ ಕಾಲದ ಆರ್‌ಕೆ05 ಡ್ರೈವಿನಲ್ಲಿ ಎರಡೂವರೆ ಮೆಗಾಬೈಟಿನ ಒಂದು ತಟ್ಟೆ, ಮುಂದೆ ಒಂದು ಸ್ವಿಚ್ಚು. ಸ್ವಿಚ್ಚನ್ನ ಒತ್ತಿದ್ರೆ ತಟ್ಟೆ ನಿಧಾನವಾಗಿ ನಿಲ್ಲುತ್ತೆ, ಬಾಗಿಲು ತೆಗೀಬಹುದು. ಒತ್ತೋ ಕೈಯನ್ನ ಯುನಿಕ್ಸ್ ತಡೆಯಲಾರದು. ಆದ್ರೆ ಅಷ್ಟು ಹೊತ್ತಿಗೆ ಡಿಸ್ಕಿನ ಯಾವ ಜಾಗ ಖಾಲಿ, ಯಾವುದು ಭರ್ತಿ ಅನ್ನೋ ಲೆಕ್ಕದ ಹೊಸ ಪ್ರತಿ ಯಂತ್ರದ ನೆನಪಿನಲ್ಲಿ ಇರುತ್ತೆ, ಡಿಸ್ಕಿನಲ್ಲಿ ಹಳೆಯದು. ಹಾಗೇ ಕಿತ್ತರೆ ಒಂದೇ ಜಾಗವನ್ನ ಎರಡು ಫೈಲುಗಳು ನಂದು ನಂದು ಅನ್ನೋ ಪರಿಸ್ಥಿತಿ. ಒಂದೇ ಸೈಟನ್ನ ಇಬ್ಬರಿಗೆ ಮಾರಿದ ಹಾಗೆ! ಅದಕ್ಕೇ 30 ಸೆಕೆಂಡಿಗೊಮ್ಮೆ ಎಲ್ಲವನ್ನೂ ಬರೆಸೋ ಒಂದು ಸಣ್ಣ ಪ್ರೋಗ್ರಾಮು ಹಿನ್ನೆಲೆಯಲ್ಲಿ ಓಡ್ತಾ ಇತ್ತು. ಹಳೇ ಆಪರೇಟರುಗಳು ಯಂತ್ರ ನಿಲ್ಲಿಸೋ ಮೊದಲು 'ಸಿಂಕ್' ಅಂತ ಮೂರು ಸಲ ಟೈಪ್ ಮಾಡ್ತಾ ಇದ್ದರು. ಮಂತ್ರವೇನಲ್ಲ. ಸಿಂಕ್ ಅನ್ನೋದು ಬರೆಯೋಕೆ ಶುರು ಮಾಡಿಸುತ್ತೆ, ಮುಗಿಯೋ ತನಕ ಕಾಯಲ್ಲ. ಮೂರು ಸಲ ಟೈಪ್ ಮಾಡೋ ಹೊತ್ತಿಗೆ ಬರಹ ಮುಗಿದಿರುತ್ತೆ, ಅಷ್ಟೇ. ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಒಂದು ಸಲ ಎಂಟರ್ ಹೊಡೆಯೋರನ್ನ ನಾನು ನೋಡಿದ್ದೇನೆ. ಅದು ಮೂರು ಸಲ ಆಚಮನ ಮಾಡಿ ಅಂದ್ರೆ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ ಹಾಗೆ.

ಬೇರೆಯವರು ಬೇರೆ ದಾರಿ ಹಿಡಿದರು. 1977ರಲ್ಲಿ ಡಿಜಿಟಲ್ ಕಂಪನಿ ತನ್ನ ವ್ಯಾಕ್ಸ್ ಯಂತ್ರದ ಜೊತೆ ಪ್ರಕಟಿಸಿದ ವಿಎಂಎಸ್ ವ್ಯವಸ್ಥೆ 'ಆಗಲ್ಲ' ಅಂತ ಹೇಳೋದಿಲ್ಲ. ಇಳಿಸೋಕೆ ಗುರುತು ಹಾಕಿಕೊಂಡಿದ್ದೀನಿ, ಒಳಗಿರೋರು ಅವರವರ ಕೆಲಸ ಮುಗಿಸಿಕೊಂಡು ಹೊರಟ ಮೇಲೆ ಇಳಿಸ್ತೀನಿ ಅನ್ನುತ್ತೆ. ಯಾವ ಫೈಲು ಯಾರ ಕೈಯಲ್ಲಿದೆ ಅಂತ ತೋರಿಸೋ ಆಜ್ಞೆಯೂ ಅದರಲ್ಲಿ ಬಂತು. ನನ್ನ ಕೇಳಿದ್ರೆ ಇದು ಹೆಚ್ಚು ಸಭ್ಯ ವಿಧಾನ. ಲಿನಕ್ಸಿಗೆ ಇದಕ್ಕೆ ಹತ್ತಿರದ 'ಲೇಜಿ' ಯುಮೌಂಟ್ ಬಂದದ್ದು 2001ರಲ್ಲಿ, 2.4.11 ಕರ್ನೆಲ್ ಜೊತೆ. ಆದ್ರೆ ಹುಷಾರು, ಅದು ಡಿಸ್ಕನ್ನ ನಮ್ಮ ಕಣ್ಣಿಂದ ಮರೆ ಮಾಡುತ್ತೆ ಅಷ್ಟೇ, ಹಿಡಿದುಕೊಂಡವರು ಹಿಡಿದುಕೊಂಡೇ ಇರ್ತಾರೆ. ಕಾಣಿಸ್ತಿಲ್ಲ ಅಂತ ಕಿತ್ತರೆ ಕೆಟ್ಟಿರಿ.

ಆಪಲ್ ಕಂಪನಿ 1984ರ ಮ್ಯಾಕಿಂತೋಷಿನಲ್ಲಿ ಫ್ಲಾಪಿ ಹೊರಗೆ ತೆಗೆಯೋ ಗುಂಡಿಯನ್ನೇ ಇಡಲಿಲ್ಲ. ಕೊಡೋದು ಬಿಡೋದು ಯಂತ್ರದ ಇಷ್ಟ. ತೀರಾ ಹಟ ಮಾಡಿದ್ರೆ ಸಣ್ಣ ತೂತಿಗೆ ಪೇಪರ್ ಕ್ಲಿಪ್ ಚುಚ್ಚಬೇಕು. ಫ್ಲಾಪಿ ಬೇಕಾದ್ರೆ ಅದರ ಚಿತ್ರವನ್ನ ಎಳೆದು ಕಸದಬುಟ್ಟಿಗೆ ಹಾಕಬೇಕಿತ್ತು! ಬರೆದದ್ದೆಲ್ಲ ಅಳಿಸಿಹೋಗುತ್ತೋ ಅಂತ ಎಷ್ಟು ಜನರ ಕೈ ನಡುಗಿತೋ ಏನೋ. 2001ರ ಮ್ಯಾಕ್ ಓಎಸ್ ಹತ್ತರಲ್ಲಿ ಡಿಸ್ಕನ್ನ ಎಳೆಯೋವಾಗ ಆ ಬುಟ್ಟಿಯೇ ಎಜೆಕ್ಟ್ ಗುರುತಾಗಿ ಬದಲಾಗೋ ಹಾಗೆ ಮಾಡಿ ಆ ಭಯ ಕಳೆದರು.

ನಮ್ಮಲ್ಲಿ ಬಹಳ ಜನ ಕಂಪ್ಯೂಟರ್ ಕಲಿತದ್ದು ಇವೆರಡರಲ್ಲೂ ಅಲ್ಲ, ಡಾಸ್‌ನಲ್ಲಿ. ಅಲ್ಲಿ ಮೌಂಟೂ ಇಲ್ಲ, ಯುಮೌಂಟೂ ಇಲ್ಲ. ದೀಪ ಆರಿದ ಮೇಲೆ ಫ್ಲಾಪಿ ಕೀಳು, ಅಷ್ಟೇ ವೇದಾಂತ. ನಡುವೆ ಕಿತ್ತರೆ 'ಅಬಾರ್ಟ್, ರೀಟ್ರೈ, ಫೇಲ್?' ಅಂತ ಮೂರು ದಾರಿ ತೋರಿಸ್ತಾ ಇತ್ತು. ಈ ಅಭ್ಯಾಸಕ್ಕೆ ಮೊದಲ ಪೆಟ್ಟು ಬಿದ್ದದ್ದು 1993ರಲ್ಲಿ. ಡಾಸ್ 6.0 ಜೊತೆ ಬಂದ ಸ್ಮಾರ್ಟ್‌ಡ್ರೈವ್ ಬರಹವನ್ನ ನೆನಪಿನಲ್ಲಿ ತಡೆದಿಟ್ಟುಕೊಂಡು, ಇನ್ನೂ ಡಿಸ್ಕಿಗೆ ಬರೆಯದೇನೇ 'ಆಯ್ತು' ಅಂತ ಪ್ರಾಂಪ್ಟ್ ಕೊಡ್ತಾ ಇತ್ತು. ಪ್ರಾಂಪ್ಟ್ ಬಂತಲ್ಲ ಅಂತ ಪವರ್ ಆರಿಸಿದವರು ಫೈಲು ಕಳೆದುಕೊಂಡರು. ಅದೇ ವರ್ಷದ ಕೊನೆಗೆ ಬಂದ 6.2ರಲ್ಲಿ ಮೈಕ್ರೋಸಾಫ್ಟ್ ಇದನ್ನ ತಿದ್ದಿ, ಬರೆದು ಮುಗಿಸಿದ ಮೇಲೇ ಪ್ರಾಂಪ್ಟ್ ಬರೋ ಹಾಗೆ ಮಾಡಿತು.

2000ನೇ ಇಸವಿಯಲ್ಲಿ ಪೆನ್ ಡ್ರೈವ್ ಬಂತು. ಇಸ್ರೇಲಿನ ಎಂ-ಸಿಸ್ಟಮ್ಸ್ ಮಾಡಿದ 8 ಮೆಗಾಬೈಟಿನದನ್ನ ಐಬಿಎಂ ಮಾರಿತು, ಸಿಂಗಾಪುರದ ಟ್ರೆಕ್ ಕಂಪನಿ ಥಂಬ್‌ಡ್ರೈವ್ ಅಂತ ಮಾರಿತು. ಆಪರೇಟರುಗಳ ತಲೆನೋವಾಗಿದ್ದದ್ದು ಈಗ ಎಲ್ಲರ ಕೀ ಚೈನಿಗೆ ಬಂದು ನೇತುಬಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಗಡಿಯಾರದ ಪಕ್ಕ ಹಸಿರು ಬಾಣದ ಗುರುತು, ಅದನ್ನ ಒತ್ತಿದ್ರೆ ಆ ಸುಪ್ರಸಿದ್ಧ ಸಂದೇಶ: ಈ ಸಾಧನವನ್ನ ಈಗ ನಿಲ್ಲಿಸಲಾಗದು, ಆಮೇಲೆ ನೋಡಿ. ಊರಿನ ಸೈಬರ್ ಕೆಫೆಗಳಲ್ಲಂತೂ ಡ್ರೈವ್ ಹಾಕಿದ ತಕ್ಷಣ ಆಟೋರನ್ ವೈರಸ್ಸು ಹತ್ತಿ ಕೂರ್ತಾ ಇತ್ತು, ಹಿಡಿದುಕೊಂಡಿರೋದು ಅದೇ ಆದ್ರೂ ಸಂದೇಶ ಮಾತ್ರ ಅದೇ. 2008ರಲ್ಲಿ ಹುಟ್ಟಿದ ಕಾನ್‌ಫಿಕರ್ ಪೆನ್ ಡ್ರೈವ್ ಮೂಲಕವೂ ಹಬ್ಬಿದ ಮೇಲೆ, 2009ರ ವಿಂಡೋಸ್ 7ರಲ್ಲಿ ಆಟೋರನ್ನಿಗೆ ಕಡಿವಾಣ ಬಿತ್ತು. ಎಕ್ಸ್‌ಪಿಗೆ ಅದೇ ತಿದ್ದುಪಡಿ ಎಲ್ಲರಿಗೂ ತಲುಪಿದ್ದು 2011ರಲ್ಲಿ.

ಕಾರಣ ಹೇಳದೇ 'ಆಗಲ್ಲ' ಅಂತ ದಿನಾ ಹೇಳೋರನ್ನ ಜನ ನಂಬೋದು ಬಿಡ್ತಾರೆ. 2007ರಲ್ಲಿ ಸಾಗರದ ಹತ್ತಿರ ನಮ್ಮ ಕಡೆಯ ಒಂದು ಮದುವೆ. ನಮ್ಮ ಅಜ್ಜಿಯ ತಂಗಿ, ಎಂಬತ್ತು ದಾಟಿದ ಮುದುಕಿ, ಹಸೆಗೆ ಕರೆಯೋ ಹಾಡುಗಳನ್ನ ಒಂದಾದ ಮೇಲೊಂದು ಹೇಳಿದ್ದರು. ಎಷ್ಟೋ ಹಾಡು ಅವರೊಬ್ಬರಿಗೇ ಬರ್ತಾ ಇದ್ದದ್ದು. ವಿಡಿಯೋದವರು ಅದನ್ನ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡಿದ್ದರು. ನಾನು ವಾಪಸ್ ಹೊರಡೋ ಹಿಂದಿನ ದಿನ ಸ್ಟುಡಿಯೋಗೆ ಹೋಗಿ ಕೂತೆ. ಹುಡುಗ ಹಾಡುಗಳನ್ನೆಲ್ಲ ನನ್ನ ಡಿಸ್ಕಿಗೆ ಹಾಕಿದ, ಹಸಿರು ಬಾಣ ಒತ್ತಿದ, ಸಂದೇಶ ಬಂತು. ಇನ್ನೊಂದು ಸಲ ಒತ್ತಿದ, ಮತ್ತೆ ಬಂತು. "ಇದು ಯಾವಾಗ್ಲೂ ಹಿಂಗೇ ಸಾರ್, ತಲೆ ಕೆಡಿಸ್ಕೋಬೇಡಿ" ಅಂತ ನಗುತ್ತಾ ಕಿತ್ತು ಕೈಗೆ ಕೊಟ್ಟ. ಅವತ್ತು ಮಾತ್ರ ಸಂದೇಶ ನಿಜ ಹೇಳ್ತಾ ಇತ್ತು. ಹಿಂದಿನ ಕಿಟಕಿಯೊಂದರಲ್ಲಿ ಅವರ ಎಡಿಟಿಂಗ್ ಪ್ರೋಗ್ರಾಮು ಹಾಡುಗಳನ್ನ ಇನ್ನೂ ಅದೇ ಡಿಸ್ಕಿಗೆ ಬರೀತಾ ಇತ್ತು. ಸಿಡ್ನಿಗೆ ಬಂದು ನೋಡಿದ್ರೆ ಹೆಸರುಗಳೆಲ್ಲ ಇವೆ, ಅರ್ಧಕ್ಕರ್ಧ ಫೈಲುಗಳ ಗಾತ್ರ ಸೊನ್ನೆ. ಫೋನ್ ಮಾಡೋ ಹೊತ್ತಿಗೆ ಅಲ್ಲಿನ ಮೂಲವನ್ನೂ ಮುಂದಿನ ಮದುವೆಗೆ ಅಂತ ಅಳಿಸಿಯಾಗಿತ್ತು. ಆ ಹುಡುಗನನ್ನ ನಾನು ಬೈಯಲಿಲ್ಲ. ಅದೇ ಸಂದೇಶ ಸುಮ್ಮಸುಮ್ಮನೆ ಬಂದದ್ದನ್ನ ಅವನು ನೂರು ಸಲ ನೋಡಿರ್ತಾನೆ. 'ಇಂಥ ಪ್ರೋಗ್ರಾಮು ಇನ್ನೂ ಬರೀತಾ ಇದೆ' ಅಂತ ಒಂದು ಸಾಲು ಇದ್ದಿದ್ರೆ ಅವನ ಕೈ ನಿಲ್ತಾ ಇತ್ತು.

ಆ ಒಂದು ಸಾಲನ್ನ ಹುಡುಕಿಕೊಡೋ ಪ್ರಯತ್ನಗಳು ಯುನಿಕ್ಸ್ ಜಗತ್ತಿನಲ್ಲಿ ಆಗಲೇ ಇದ್ದವು. ಸಿಸ್ಟಂ ಫೈವ್ ಕಾಲದ 'ಎಫ್-ಯೂಸರ್' ಅನ್ನೋ ಪ್ರೋಗ್ರಾಮು ಪ್ರತಿ ಪ್ರೋಗ್ರಾಮನ್ನೂ ವಿಚಾರಿಸಿ, ಹಿಡಿದುಕೊಂಡವರ ನಂಬರ್ ಕೊಡುತ್ತೆ. ನಂಬರಿನ ಪಕ್ಕ 'ಸಿ' ಅಂತ ಇದ್ರೆ ಅವರು ಬರೀ ಡೈರೆಕ್ಟರಿಯಲ್ಲಿ ಕೂತಿದ್ದಾರೆ ಅಂತ ಅರ್ಥ. ಪರ್ಡ್ಯೂ ವಿಶ್ವವಿದ್ಯಾಲಯದ ವಿಕ್ ಏಬೆಲ್ ಬರೆದ 'ಎಲ್‌ಎಸ್‌ಓಎಫ್' ಇನ್ನೂ ಮುಂದೆ ಹೋಗಿ ಫೈಲಿನ ಹೆಸರನ್ನೂ ಹೇಳಿತು. ಎಷ್ಟೋ ಬಗೆಯ ಯುನಿಕ್ಸುಗಳಲ್ಲಿ ಆ ಮಾಹಿತಿ ನೇರವಾಗಿ ಸಿಗ್ತಾ ಇರಲಿಲ್ಲ. ಕರ್ನೆಲ್ಲಿನ ನೆನಪಿನೊಳಗೆ ಕೈ ಹಾಕಿ ತಡಕಾಡಿ ತೆಗೀಬೇಕಿತ್ತು. ಹೊಸ ಆವೃತ್ತಿ ಬಂದಾಗೆಲ್ಲ ಅದಕ್ಕೆ ತಕ್ಕ ಹಾಗೆ ತಿದ್ದಬೇಕಿತ್ತು, ಅದನ್ನ ಆ ಮನುಷ್ಯ ವರ್ಷಗಟ್ಟಲೆ ಮಾಡಿದ. ನಮ್ಮಂಥವರ ಅದೆಷ್ಟು ರಾತ್ರಿಗಳ ನಿದ್ದೆ ಉಳಿಸಿದ್ದಾನೋ! ಲಿನಕ್ಸಿನಲ್ಲಿ 'ಪ್ರಾಕ್' ಡೈರೆಕ್ಟರಿಯೊಳಗೆ ಇದೆಲ್ಲ ತೆರೆದೇ ಇರೋದರಿಂದ ಕೆಲಸ ಸುಲಭ.

ಆದ್ರೆ ಇವೆಲ್ಲ ಬಲ್ಲವರ ಉಪಕರಣಗಳು. ಮೌಸು ಹಿಡಿದ ಸಾಮಾನ್ಯರ ಮುಂದೆ ಹೆಸರು ಬಂದದ್ದು 2009ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಬಂದ ಮ್ಯಾಕಿನ ಸ್ನೋ ಲೆಪರ್ಡ್, ಡಿಸ್ಕು ಬಿಡದೇ ಇದ್ರೆ ಯಾವ ಪ್ರೋಗ್ರಾಮಿನಿಂದ ಅಂತ ಹೇಳೋಕೆ ಶುರು ಮಾಡಿತು. ಮರು ತಿಂಗಳೇ ಗ್ನೋಮ್‌ನವರ ಗ್ಲಿಬ್ 2.22ರಲ್ಲಿ, ಹಿಡಿದುಕೊಂಡ ಪ್ರೋಗ್ರಾಮುಗಳ ಪಟ್ಟಿ ತೋರಿಸೋ ವ್ಯವಸ್ಥೆ ಸೇರಿತು. 1971ರಿಂದ ಲೆಕ್ಕ ಹಾಕಿದ್ರೆ 38 ವರ್ಷ. ವಿಂಡೋಸಿನದ್ದು ಸ್ವಲ್ಪ ಬೇರೆ. ಅದು ಅಡ್ಡ ಬಂದ ಪ್ರೋಗ್ರಾಮನ್ನ ಈವೆಂಟ್ ವ್ಯೂವರಿನ ಸಿಸ್ಟಂ ದಾಖಲೆಯಲ್ಲಿ 225ನೇ ನಂಬರಿನ ಕೆಳಗೆ ಬರೆದಿಡುತ್ತೆ, ನಮ್ಮ ಮುಖಕ್ಕೆ ಹೇಳಲ್ಲ! ಅಲ್ಲಿ ಹೋಗಿ ನೋಡಿ, ಬಹಳ ಸಲ ಸಿಗೋದು ಆಂಟಿವೈರಸ್ಸೋ, ಹುಡುಕಾಟಕ್ಕೆ ಪಟ್ಟಿ ಮಾಡೋ ಇಂಡೆಕ್ಸಿಂಗೋ, ಹೀಗೆ ನಾವು ಕರೆಯದೇ ಬಂದ ನೆಂಟರೇ. ಮ್ಯಾಕಿನಲ್ಲೂ 2005ರಿಂದ ಸ್ಪಾಟ್‌ಲೈಟ್ ಅಂತ ಇಂಥದೇ ಒಬ್ಬ ನೆಂಟ ಇದ್ದಾನೆ. ಸುಮ್ಮನೆ ಎರಡು ನಿಮಿಷ ಬಿಟ್ಟರೆ ತಾನೇ ಎದ್ದು ಹೋಗ್ತಾನೆ.

ಇನ್ನು 2019ರಲ್ಲಿ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು, 'ಇನ್ನು ಮುಂದೆ ಪೆನ್ ಡ್ರೈವ್ ಹಾಗೇ ಕೀಳಬಹುದು, ಮೈಕ್ರೋಸಾಫ್ಟೇ ಹೇಳಿದೆ' ಅಂತ. ಅವರು ಹೇಳಿದ್ದು ಇಷ್ಟು: ವಿಂಡೋಸ್ ಹತ್ತರ 1809 ಆವೃತ್ತಿಯಿಂದ, ಅಂದ್ರೆ 2018ರಿಂದ, ಬರಹವನ್ನ ತಡೆದಿಟ್ಟುಕೊಳ್ಳದ 'ಕ್ವಿಕ್ ರಿಮೂವಲ್' ಅನ್ನೋದೇ ಮೊದಲ ಆಯ್ಕೆ. ಬರೀತಾ ಇರೋವಾಗ ಕಿತ್ತರೂ ಪರವಾಗಿಲ್ಲ ಅಂತ ಅವರು ಹೇಳಿಲ್ಲ. ಸ್ಟುಡಿಯೋ ಹುಡುಗನ ಕೈಯಲ್ಲಿ ಆದದ್ದು ಇವತ್ತೂ ಆಗಬಹುದು. ಲಿನಕ್ಸಿನಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ಅದು ಬರೆಯದೇ ಉಳಿದದ್ದನ್ನ ಸಾಮಾನ್ಯವಾಗಿ ಖಾಲಿ ನೆನಪಿನ ಶೇಕಡಾ 20ರ ತನಕ ಹಿಡಿದಿಟ್ಟುಕೊಳ್ಳಬಹುದು. 16 ಗಿಗಾಬೈಟ್ ನೆನಪಿನ ಯಂತ್ರದಲ್ಲಿ ಅದು ಸುಮಾರು 3 ಗಿಗಾಬೈಟ್ ಆದೀತು, ಸೆಕೆಂಡಿಗೆ 10 ಮೆಗಾಬೈಟ್ ಬರೆಯೋ ಅಗ್ಗದ ಪೆನ್ ಡ್ರೈವಿಗೆ ಐದು ನಿಮಿಷದ ಕೆಲಸ. ಕಾಪಿ ಮುಗೀತು ಅಂತ ಪರದೆ ಹೇಳಿರುತ್ತೆ, ಯುಮೌಂಟ್ ಹೊಡೆದ್ರೆ ಉಸಿರೇ ಇಲ್ಲ. ಅದು ಹಟ ಅಲ್ಲ, ಬರೀತಾ ಕೂತಿದೆ. ಕಾಫಿ ಮಾಡಿಕೊಂಡು ಬನ್ನಿ.

ಇಷ್ಟಾದ್ರೂ ಆ ಹಳೇ ಲೆಕ್ಕ ಬದಲಾಗಿಲ್ಲ. ಹೆಸರು ಹೇಳೋ ಕಿಟಕಿಗಳೆಲ್ಲ ಬಂದದ್ದು ಮೇಲಿನ ಪದರದಲ್ಲಿ. ಕೆಳಗೆ ಕರ್ನೆಲ್ಲನ್ನ ಕೇಳಿದ್ರೆ ಅದು ಈಗಲೂ ಯಾರು ಅಂತ ಹೇಳಲ್ಲ, ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತೆ. ಲಯನ್ಸರ ಪುಸ್ತಕದಲ್ಲಿ ಇ-ಬಿಸಿ ಅನ್ನೋ ದೋಷದ ಸಂಖ್ಯೆ 16 ಅಂತ ಅಚ್ಚಾಗಿದೆ. ಈ ಬರಹ ಟೈಪ್ ಮಾಡ್ತಾ ಇರೋ ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಅದು 16ನೇ.